ಫ್ಲ್ಯಾಶ್‌ನ ಅವಸಾನವೂ ಶಾಲೆಯ ಗಣಕಯಂತ್ರವೂ

ತಾಳೆಯೋಲೆಯ ಕಟ್ಟನ್ನು ಬಿಚ್ಚಿ ಕುಳಿತವನಿಗೆ ಕಣ್ಣೂ ಅಕ್ಷರಜ್ಞಾನವೂ ಒಂದಿಷ್ಟು ದೀಪದ ಬೆಳಕೂ ಇದ್ದರೆ ಸಾಕು. ಬೇರೊಂದು ಉಪಕರಣದ ಅಪೇಕ್ಷೆಯಿಲ್ಲ. ಅಚ್ಚಿನ ಪುಸ್ತಕದ ಸಂಗತಿಯೂ ಅದೇ. ಗಣಕಯಂತ್ರದ ತೆರೆಯ ಮೇಲೆ ಮೂಡುವ ಪಾಠ, ಹಾಡು, ಚಲಚ್ಚಿತ್ರಗಳ ಸ್ಥಿತಿ ಹಾಗಲ್ಲ. ಅಲ್ಲಿ ಓದುಗನಿಗೂ ಓದಬೇಕಾದ ವಸ್ತುವಿಗೂ ನಡುವೆ ಮಧ್ಯಸ್ಥನೊಬ್ಬನು ನಿಂತಿರುತ್ತಾನೆ. ಅವನು ಒಪ್ಪಿದರೆ ಪಾಠ ತೆರೆದುಕೊಳ್ಳುವುದು, ಒಪ್ಪದಿದ್ದರೆ ಇಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಲೋಕದ ಬಹುಪಾಲು ಗಣಕಯಂತ್ರಗಳಲ್ಲಿ ಹೀಗೆ ನಿಂತಿದ್ದ ಮಧ್ಯಸ್ಥನ ಹೆಸರು ಫ್ಲ್ಯಾಶ್ ಪ್ಲೇಯರ್. ಅದರ ಒಡೆತನ ಹೊಂದಿದ್ದ ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ಕ್ಕೆ ಅದರ ಪೋಷಣೆಯನ್ನು ನಿಲ್ಲಿಸಿತು. 2021ರ ಜನವರಿ 12ರಿಂದ ಅದು ಅಳಿದುಳಿದ ಯಂತ್ರಗಳಲ್ಲಿಯೂ ಕೆಲಸ ಮಾಡದಂತೆ ಏರ್ಪಾಡು ಮಾಡಲಾಗಿತ್ತು.

ಇದು ನಡೆದು ವರ್ಷಗಳು ಸಂದಿದ್ದರೂ ಅದರ ನೆರಳು ಇನ್ನೂ ಸರಿದಿಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯಂಥ ಬಡಾವಣೆಯಲ್ಲಿ ನಿವೃತ್ತ ಶಿಕ್ಷಕರ ಮನೆಯ ಮೂಲೆಯ ಮೇಜಿನ ಮೇಲೋ, ಹಳೆಯ ವಿದ್ಯಾರ್ಥಿಗಳ ಕೊಡುಗೆಯಿಂದ ಕಟ್ಟಿದ ಶಾಲೆಯ ಗಣಕಕೊಠಡಿಯಲ್ಲೋ ಹತ್ತು ಹದಿನೈದು ವರ್ಷಗಳ ಹಿಂದಿನ ಯಂತ್ರವೊಂದು ಇದ್ದೇ ಇರುತ್ತದೆ. ಹಳೆಯ ಸಿ.ಡಿ.ಯಲ್ಲಿದ್ದ ವಿಜ್ಞಾನದ ಪಾಠವನ್ನು ತೋರಿಸಲು ಹೊರಟಾಗ ತೆರೆಯ ಮೇಲೆ ಬೂದುಬಣ್ಣದ ಖಾಲಿ ಚೌಕವೊಂದು ಕಾಣಿಸಿಕೊಳ್ಳುತ್ತದೆ. “ಸರ, ಇದು ಓಪನ್ ಆಗವಲ್ದು” ಎಂದು ಹುಡುಗ ಹೇಳುತ್ತಾನೆ. ಪಾಠವನ್ನು ಹುಡುಕುತ್ತ ಬೇರೊಂದು ಜಾಲಪುಟಕ್ಕೆ ಹೋದರೆ, ನಿಮ್ಮ ಫ್ಲ್ಯಾಶ್ ಹಳೆಯದಾಗಿದೆ, ಇಲ್ಲಿ ಒತ್ತಿ ಹೊಸದನ್ನು ಪಡೆಯಿರಿ ಎಂಬ ಆಮಂತ್ರಣವೊಂದು ಎದುರಾಗುವುದೂ ಉಂಟು. ಮೊದಲನೆಯದು ನಷ್ಟದ ಪ್ರಶ್ನೆ. ಎರಡನೆಯದು ಮೋಸದ ಪ್ರಶ್ನೆ. ಇವೆರಡಕ್ಕೂ ಮೂಲ ಒಂದೇ ಆದುದರಿಂದ ಅದರ ಪೂರ್ವೋತ್ತರಗಳನ್ನು ಅರಿಯುವುದು ಅವಶ್ಯವಾಗಿದೆ.

ಜಾಲಪುಟಗಳನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ತೊಂಬತ್ತರ ದಶಕದ ಆರಂಭದಲ್ಲಿ ಅದು ಬಲ್ಲುದು ಅಕ್ಷರಗಳನ್ನೂ ಅಲುಗಾಡದ ಚಿತ್ರಗಳನ್ನೂ ತೋರಿಸುವುದು ಮಾತ್ರ. ಚಲಿಸುವ ಚಿತ್ರ ಬೇಕೆಂದರೆ ಹೊರಗಿನಿಂದ ತಂದ ಇನ್ನೊಂದು ತಂತ್ರಾಂಶವನ್ನು ಅದರ ಒಡಲಿಗೆ ಜೋಡಿಸಬೇಕಾಗುತ್ತಿತ್ತು. ಹೀಗೆ ಜೋಡಿಸಿದುದೇ ಪ್ಲಗಿನ್. (ಕನ್ನಡದಲ್ಲಿ ಇದಕ್ಕೆ ಎಲ್ಲರೂ ಒಪ್ಪಿದ ಹೆಸರೊಂದು ನೆಲೆಗೊಳ್ಳುವ ಮೊದಲೇ ವಸ್ತುವೇ ಕಾಲವಾಯಿತು, ಪಂಡಿತರಿಗೆ ಒಂದು ವಾಗ್ವಾದ ಉಳಿಯಿತೆನ್ನಬೇಕು.) 1996ರಲ್ಲಿ ಫ್ಯೂಚರ್‌ವೇವ್ ಎಂಬ ಅಮೆರಿಕದ ಚಿಕ್ಕ ಸಂಸ್ಥೆಯೊಂದು ಚಿತ್ರಗಳನ್ನು ಚಲಿಸುವಂತೆ ಮಾಡುವ ಸಾಧನವನ್ನು ಹೊರತಂದಿತು. ಅದೇ ವರ್ಷದ ಕೊನೆಗೆ ಮ್ಯಾಕ್ರೋಮೀಡಿಯಾ ಅದನ್ನು ಕೊಂಡು ಫ್ಲ್ಯಾಶ್ ಎಂದು ನಾಮಕರಣ ಮಾಡಿತು. 2005ರಲ್ಲಿ ಆ ಮ್ಯಾಕ್ರೋಮೀಡಿಯಾವನ್ನೇ ಅಡೋಬಿ ಕೊಂಡಿತು.

ಆ ಕಾಲದಲ್ಲಿ ಜನ ಅದಕ್ಕೆ ಮಾರುಹೋದುದರಲ್ಲಿ ಆಶ್ಚರ್ಯವಿಲ್ಲ. ಟೆಲಿಫೋನ್ ತಂತಿಯ ಮೂಲಕ ಇಂಟರ್‌ನೆಟ್ ತೊಟ್ಟು ತೊಟ್ಟಾಗಿ ಹರಿದುಬರುತ್ತಿದ್ದ ದಿನಗಳವು. ರಂಗೋಲಿಯೊಂದನ್ನು ದೂರದ ಊರಿಗೆ ಕಳುಹಿಸಬೇಕೆಂದು ಭಾವಿಸಿರಿ. ಹಿಟ್ಟಿನ ಕಣಕಣದ ಲೆಕ್ಕವನ್ನು ಬರೆದು ಕಳುಹಿಸುವುದು ಒಂದು ಬಗೆ. ಇಷ್ಟು ಚುಕ್ಕೆಗಳನ್ನಿಟ್ಟು ಈ ಚುಕ್ಕೆಯಿಂದ ಆ ಚುಕ್ಕೆಗೆ ಗೆರೆ ಎಳೆಯಿರಿ ಎಂದು ಎರಡು ಸಾಲು ಬರೆಯುವುದು ಇನ್ನೊಂದು ಬಗೆ. ಫ್ಲ್ಯಾಶ್ ಅನುಸರಿಸಿದ್ದು ಈ ಎರಡನೆಯ ಕ್ರಮವನ್ನು. ಆದುದರಿಂದ ಸಣ್ಣ ಕಡತದಲ್ಲಿಯೇ ಹೃದಯದ ಬಡಿತವನ್ನೂ ಗ್ರಹಗಳ ಪರಿಭ್ರಮಣವನ್ನೂ ತೋರಿಸುವುದು ಸಾಧ್ಯವಾಯಿತು. 2005ರಲ್ಲಿ ಹುಟ್ಟಿದ ಯೂಟ್ಯೂಬ್ ಸಹ ತನ್ನ ವಿಡಿಯೋಗಳನ್ನು ಫ್ಲ್ಯಾಶ್ ಮೂಲಕವೇ ತೋರಿಸುತ್ತಿತ್ತು. ಶಾಲೆಗಳಿಗೆ ಪಾಠದ ಸಿ.ಡಿ.ಗಳನ್ನು ಮಾಡಿಕೊಡುತ್ತಿದ್ದವರಿಗೂ ಅದು ಕೈಗೆಟುಕುವ ಸಾಧನವಾಯಿತು. ಗುಣವನ್ನು ಗುಣವೆಂದು ಒಪ್ಪಿಕೊಂಡೇ ದೋಷದ ವಿಚಾರಕ್ಕೆ ಬರತಕ್ಕುದು.

ದೋಷವಿದ್ದುದು ಅದರ ಸ್ಥಾನದಲ್ಲಿ. ಹಳೆಯ ವಾಡೆಯೊಂದನ್ನು ನೆನೆಯಬಹುದು. ಮಹಾದ್ವಾರದಲ್ಲಿ ಕಾವಲುಗಾರನಿದ್ದಾನೆ; ಬಂದವರನ್ನು ವಿಚಾರಿಸಿ ಪಡಸಾಲೆಯವರೆಗೆ ಬಿಡುತ್ತಾನೆ. ಒಳಗಿನ ಕೋಣೆಯೊಂದನ್ನು ಹೊರಗಿನವನಿಗೆ ಬಾಡಿಗೆಗೆ ಕೊಟ್ಟು, ಅವನಿಗೆ ಹಿತ್ತಿಲ ಕಡೆಗೆ ಪ್ರತ್ಯೇಕ ಬಾಗಿಲನ್ನು ಇಟ್ಟುಕೊಳ್ಳಲು ಅನುಮತಿ ನೀಡಿದರೆ ಮಹಾದ್ವಾರದ ಕಾವಲಿನಿಂದ ಏನು ಪ್ರಯೋಜನ? ಪ್ಲಗಿನ್‌ನ ರೀತಿ ಇದೇ. ಬ್ರೌಸರ್‌ನ ಕಟ್ಟುಪಾಡುಗಳಿಗೆ ಪೂರ್ಣವಾಗಿ ಒಳಪಡದೆ, ಬಳಸುವವನು ತನ್ನ ಯಂತ್ರದಲ್ಲಿ ಏನೇನು ಮಾಡಬಲ್ಲನೋ ಬಹುಮಟ್ಟಿಗೆ ಅದೆಲ್ಲವನ್ನೂ ಅದು ತಾನೂ ಮಾಡಬಲ್ಲುದಾಗಿತ್ತು. ಮೇಲಾಗಿ ಫ್ಲ್ಯಾಶ್ ಕಡತವೆಂದರೆ ಬರಿಯ ಚಿತ್ರವಲ್ಲ. ಅಪರಿಚಿತನೊಬ್ಬನು ಬರೆದ ಆಜ್ಞೆಗಳ ಮಾಲೆ. ನೆನಪಿನ ಕೋಶಗಳನ್ನು ಬಳಸುವಲ್ಲಿ ಅದರ ಲೆಕ್ಕ ತಪ್ಪುವಂತೆ ಕುಯುಕ್ತಿಯಿಂದ ಆಜ್ಞೆಗಳನ್ನು ಹೆಣೆದರೆ, ಆಟದ ಚಿತ್ರವನ್ನು ತೋರಿಸುತ್ತಿರುವಾಗಲೇ ಕಳ್ಳ ತಂತ್ರಾಂಶವನ್ನು ಒಳಗೆ ಇಳಿಸುವುದು ಶಕ್ಯವಾಗುತ್ತಿತ್ತು. ಒಂದು ರಂಧ್ರವನ್ನು ಮುಚ್ಚಿದರೆ ಇನ್ನೊಂದು ತೆರೆಯುತ್ತಿತ್ತು. ವರ್ಷಗಟ್ಟಲೆ ತೇಪೆಯ ಮೇಲೆ ತೇಪೆ ಬಿದ್ದಿತು.

ಇದು ಕೇವಲ ತಜ್ಞರ ಭಯವಾಗಿರಲಿಲ್ಲವೆಂಬುದಕ್ಕೆ 2011ರ ಮಾರ್ಚ್ ತಿಂಗಳ ಪ್ರಸಂಗವೊಂದೇ ಸಾಕು. ಆರ್‌.ಎಸ್‌.ಎ. ಎಂಬುದು ಅನ್ಯ ಸಂಸ್ಥೆಗಳ ರಹಸ್ಯರಕ್ಷಣೆಯನ್ನೇ ವೃತ್ತಿಯಾಗಿಸಿಕೊಂಡ ಅಮೆರಿಕದ ಸಂಸ್ಥೆ. ಅದರ ಕೆಲವು ನೌಕರರಿಗೆ ಆ ವರ್ಷದ ನೇಮಕಾತಿ ಯೋಜನೆಯೆಂಬ ಹೆಸರಿನ ಎಕ್ಸೆಲ್ ಕಡತವೊಂದು ಇ-ಮೇಲ್‌ನಲ್ಲಿ ಬಂದಿತು. ಅದು ಕಸದ ಅಂಚೆಯ ಪೆಟ್ಟಿಗೆಗೆ ಬಿದ್ದಿದ್ದರೂ ನೌಕರರೊಬ್ಬರು ಕುತೂಹಲದಿಂದ ಹೊರತೆಗೆದು ಬಿಡಿಸಿ ನೋಡಿದರು. ಕಡತದೊಳಗೆ ಚಿಕ್ಕದೊಂದು ಫ್ಲ್ಯಾಶ್ ತುಣುಕು ಅಡಗಿತ್ತು. ಆ ರಂಧ್ರದಿಂದ ನುಗ್ಗಿದವರು ಲೋಕದ ಅನೇಕ ಕಚೇರಿಗಳ ಗುಪ್ತಸಂಖ್ಯೆಯ ವ್ಯವಸ್ಥೆಗೆ ಸಂಬಂಧಿಸಿದ ಮಾಹಿತಿಯನ್ನು ಕದ್ದೊಯ್ದರು. ಬೀಗ ಮಾಡುವವನ ಮನೆಯೇ ಹೀಗೆ ಕಳುವಾದ ಮೇಲೆ ಶಾಲೆಯ ಗಣಕಕೊಠಡಿಯ ಪಾಡೇನು? 2015ರ ಜುಲೈಯಲ್ಲಿ ಇಟಲಿಯ ಹ್ಯಾಕಿಂಗ್ ಟೀಮ್ ಎಂಬ ಗೂಢಚಾರ ತಂತ್ರಾಂಶಗಳ ಸಂಸ್ಥೆಯ ಕಡತಗಳೇ ಬಯಲಾದಾಗ, ಅಡೋಬಿಗೂ ತಿಳಿಯದಿದ್ದ ಫ್ಲ್ಯಾಶ್ ರಂಧ್ರಗಳು ಅದರ ಬತ್ತಳಿಕೆಯಲ್ಲಿದ್ದುದು ಗೊತ್ತಾಯಿತು. ಫೈರ್‌ಫಾಕ್ಸ್ ಬ್ರೌಸರ್ ಕೆಲವು ದಿನಗಳ ಮಟ್ಟಿಗೆ ಫ್ಲ್ಯಾಶನ್ನು ತಡೆದೇ ಬಿಟ್ಟಿತು.

ಅಷ್ಟರಲ್ಲಿ ಅದರ ಅಗತ್ಯವೇ ತಗ್ಗಿತ್ತು. 2007ರಲ್ಲಿ ಬಂದ ಐಫೋನ್ ಫ್ಲ್ಯಾಶನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಅದಕ್ಕೆ ಕಾರಣಗಳನ್ನು ಬಹಿರಂಗ ಪತ್ರದಲ್ಲಿ ಬರೆದರು. ಅವರ ವಾದದಲ್ಲಿ ವ್ಯಾಪಾರದ ಲೆಕ್ಕಾಚಾರವೂ ಬೆರೆತಿತ್ತೆಂಬುದನ್ನು ಮರೆಯಲಾಗದು, ಆದರೂ ಸುರಕ್ಷತೆಯ ಮಾತು ಸುಳ್ಳಾಗಿರಲಿಲ್ಲ. ಇತರ ಮೊಬೈಲುಗಳಿಗಾಗಿ ಫ್ಲ್ಯಾಶ್ ಬೆಳೆಸುವುದನ್ನು ಅಡೋಬಿ 2011ರಲ್ಲಿ ಕೈಬಿಟ್ಟಿತು. 2014ರ ಅಕ್ಟೋಬರಿನಲ್ಲಿ ಎಚ್‌.ಟಿ.ಎಂ.ಎಲ್. 5 ಎಂಬ ಸಾರ್ವತ್ರಿಕ ನಿಯಮಾವಳಿ ಅಂತಿಮರೂಪ ತಾಳಿತು. ಇದರನ್ವಯ ವಿಡಿಯೋ, ಧ್ವನಿ, ಚಲಿಸುವ ಚಿತ್ರಗಳನ್ನು ಬ್ರೌಸರ್ ತಾನೇ ತೋರಿಸಬಲ್ಲುದು. ನಡುವೆ ಬಾಡಿಗೆದಾರ ಬೇಕಾಗಿಲ್ಲ. 2015ರ ಜನವರಿಯಲ್ಲಿ ಯೂಟ್ಯೂಬ್ ಈ ಮಾರ್ಗವನ್ನು ಹಿಡಿಯಿತು. 2017ರ ಜುಲೈ 25ರಂದು ಅಡೋಬಿ ಸಂಸ್ಥೆಯು ಮೂರೂವರೆ ವರ್ಷಗಳ ಅವಧಿ ಕೊಟ್ಟು ಫ್ಲ್ಯಾಶ್‌ನ ಕೊನೆಯ ದಿನವನ್ನು ಘೋಷಿಸಿತು.

ಇಷ್ಟು ಮುಂಚಿತವಾಗಿ ತಿಳಿಸಿದ್ದರೂ ಸಿದ್ಧರಾಗದವರಿದ್ದರು. ದಕ್ಷಿಣ ಆಫ್ರಿಕದ ತೆರಿಗೆ ಇಲಾಖೆಯ ಕೆಲವು ನಮೂನೆಗಳು ಫ್ಲ್ಯಾಶ್‌ನಲ್ಲಿಯೇ ಉಳಿದಿದ್ದ ಕಾರಣ, 2021ರ ಜನವರಿಯಲ್ಲಿ ಆ ಇಲಾಖೆಯು ಫ್ಲ್ಯಾಶ್ ನಡೆಯುವಂಥ ತನ್ನದೇ ಬ್ರೌಸರ್ ಒಂದನ್ನು ಜನರಿಗೆ ಹಂಚಬೇಕಾಯಿತು. ದಕ್ಷಿಣ ಕೊರಿಯದ್ದು ಇದೇ ಜಾತಿಯ ಇನ್ನೊಂದು ಕಥೆ. 1999ರ ಸುಮಾರಿಗೆ ಆ ದೇಶವು ಬ್ಯಾಂಕು ವ್ಯವಹಾರಗಳ ರಕ್ಷಣೆಗಾಗಿ ಆಕ್ಟಿವ್‌ಎಕ್ಸ್ ಎಂಬ ಮತ್ತೊಂದು ಬಗೆಯ ಜೋಡಣೆಯನ್ನು ಅವಲಂಬಿಸಿತು. ರಕ್ಷಣೆಗೆಂದು ಕಟ್ಟಿದ ಗೋಡೆಯೇ ಸೆರೆಯಾಗಿ, ಹೊರಲೋಕದವರು ಮರೆಯುತ್ತಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನೇ ಅಲ್ಲಿಯ ಜನ ಹಿಡಿದುಕೊಂಡಿರಬೇಕಾಯಿತು. ಅದರ ಮೂಲದಲ್ಲಿದ್ದ ಅಧಿಕೃತ ಪ್ರಮಾಣಪತ್ರದ ವಿಶೇಷಾಧಿಕಾರ ರದ್ದಾದುದು 2020ರ ಡಿಸೆಂಬರಿನಲ್ಲಿ.

ದೂರದ ದೇಶಗಳ ಮಾತು ಹಾಗಿರಲಿ. ಪ್ಲಗಿನ್ನಿನ ಬಂಧನವನ್ನು ಕನ್ನಡದ ವಿದ್ವಾಂಸರು ಫ್ಲ್ಯಾಶ್‌ಗಿಂತಲೂ ಗಾಢವಾಗಿ ಅನುಭವಿಸಿದ್ದು ಗ್ರಂಥಗಳ ವಿಷಯದಲ್ಲಿ. ಕಲಬುರಗಿ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದ ಕಾರಣ, ಉನ್ನತ ವ್ಯಾಸಂಗಕ್ಕೆಂದು ಇಲ್ಲಿಯ ತರುಣರು 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋಗುವ ವಾಡಿಕೆಯಿತ್ತು. ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ಬಂದುದು 1980ರಲ್ಲಿ. ಉಸ್ಮಾನಿಯಾದ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳ ಒಳ್ಳೆಯ ಸಂಗ್ರಹವಿದ್ದಿತು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವೂ ಕೈಗೂಡಿಸಿ ಲಕ್ಷಾಂತರ ಪುಸ್ತಕಗಳ ಪುಟಗಳನ್ನು ಯಂತ್ರದಿಂದ ಚಿತ್ರಿಸುವ ಕಾರ್ಯವನ್ನು ಕೈಕೊಂಡಾಗ, ಉಸ್ಮಾನಿಯಾದ ಕನ್ನಡ ಪುಸ್ತಕಗಳೂ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಆ ಭಂಡಾರವನ್ನು ಸೇರಿದವು. ಹೈದರಾಬಾದಿನ ಕಪಾಟಿನಲ್ಲಿ ಧೂಳು ಹಿಡಿದಿದ್ದ, ಮರುಮುದ್ರಣ ಕಾಣದ ಪುಸ್ತಕವನ್ನು ಜೇವರ್ಗಿ ಕಾಲೋನಿಯ ಮನೆಯಲ್ಲಿ ಕುಳಿತೇ ಓದಬಹುದೆಂದರೆ ಅದು ಸಾಮಾನ್ಯ ಸಂಗತಿಯೇ?

ಓದಬಹುದಾಗಿತ್ತು, ಆದರೆ ನಡುವೆ ಅದೇ ಮಧ್ಯಸ್ಥ. ಪುಟಗಳನ್ನು ಟಿಫ್ ಎಂಬ ಮಾದರಿಯ ಚಿತ್ರಗಳಾಗಿ ಇಡಲಾಗಿತ್ತು. ಆ ಮಾದರಿಯನ್ನು ತೋರಿಸಲು ಸಾಮಾನ್ಯ ಬ್ರೌಸರುಗಳಿಗೆ ಬರುತ್ತಿರಲಿಲ್ಲ. ಅದಕ್ಕೊಂದು ಪ್ರತ್ಯೇಕ ಪ್ಲಗಿನ್ ಜೋಡಿಸಿಕೊಂಡು ಒಂದೊಂದೇ ಪುಟವನ್ನು ಒತ್ತಿ ತೆರೆಯಬೇಕಾಗಿತ್ತು. ಜೋಡಣೆ ಸರಿಹೋಗದವರಿಗೆ ಪುಸ್ತಕ ಇದ್ದೂ ಇಲ್ಲದಂತೆ. ಮೊಮ್ಮಗನ ನೆರವಿಲ್ಲದೆ ಇದನ್ನು ಸಾಧಿಸಿದ ವೃದ್ಧ ವಿದ್ವಾಂಸರು ವಿರಳ. ಮುಂದೆ ಬ್ರೌಸರುಗಳು ಹಳೆಯ ಬಗೆಯ ಪ್ಲಗಿನ್ನುಗಳನ್ನೇ ತ್ಯಜಿಸಿದವು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ ಫ್ಲ್ಯಾಶ್ ಒಂದನ್ನುಳಿದು ಮಿಕ್ಕವನ್ನು 2017ರಲ್ಲಿ ಹೊರಗಟ್ಟಿದವು. ಕೆಲಕಾಲದಲ್ಲಿ ಆ ಭಂಡಾರದ ಜಾಲತಾಣವೇ ಮುಚ್ಚಿತು. ಅದರ ಪುಸ್ತಕಗಳು ಇಂದಿಗೂ ದೊರೆಯುತ್ತಿರುವುದಕ್ಕೆ ಕಾರಣ, ಮುಚ್ಚುವ ಮೊದಲೇ ಉತ್ಸಾಹಿಗಳು ಅವುಗಳ ಬಹುಭಾಗವನ್ನು ಪ್ರತಿಮಾಡಿ ಇಂಟರ್‌ನೆಟ್ ಆರ್ಕೈವ್ ಎಂಬ ಲೋಕೋಪಕಾರಿ ಸಂಗ್ರಹಾಲಯದಲ್ಲಿ ಇರಿಸಿದ್ದು. ಅಲ್ಲಿ ಆ ಪುಟಗಳು ಯಾವ ಪ್ಲಗಿನ್ನಿನ ಹಂಗೂ ಇಲ್ಲದೆ, ಅಗ್ಗದ ಮೊಬೈಲಿನಲ್ಲಿಯೂ ತೆರೆದುಕೊಳ್ಳುತ್ತವೆ.

ಈ ಸಂದರ್ಭದಲ್ಲಿ ಹಳಕಟ್ಟಿಯವರ ನೆನಪಾಗದಿರದು. ಓಲೆ ಹುಳು ತಿನ್ನುವ ಮೊದಲೇ ಹೊಸ ಓಲೆಗೆ ಪ್ರತಿಮಾಡಿದ ಅಜ್ಞಾತ ಲಿಪಿಕಾರರು ಇಲ್ಲದಿದ್ದರೆ ಅವರಿಗೆ ದೊರೆಯಲು ಏನೂ ಉಳಿಯುತ್ತಿರಲಿಲ್ಲ. ಅವರು ಓಲೆಯಿಂದ ಅಚ್ಚಿಗೆ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸದಿದ್ದರೆ ಮುಂದಿನವರಿಗೆ ದಾರಿಯಿರುತ್ತಿರಲಿಲ್ಲ. ಇಂದು ‘ವಚನ ಸಂಚಯ’ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳನ್ನು ಪದ ಹಿಡಿದು ಹುಡುಕಬಹುದಾಗಿದೆ. ಅವು ಯುನಿಕೋಡ್ ಅಕ್ಷರಗಳಲ್ಲಿ ಇರುವುದರಿಂದ ಬ್ರೌಸರ್ ಒಂದೇ ಸಾಕು. ಯುನಿಕೋಡ್ ಎಂಬುದು ಲೋಕದ ಲಿಪಿಗಳಿಗೆಲ್ಲ ಸಾಮಾನ್ಯವಾದ ಸಂಕೇತಕ್ರಮ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದಿತು. ಅದಕ್ಕೆ ಮೊದಲು ಪ್ರಚಾರದಲ್ಲಿದ್ದ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಆಯಾ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತವೆ. ಶಾಲೆಗಳ ಹಳೆಯ ಸ್ಮರಣಸಂಚಿಕೆಗಳ ಕಡತಗಳಲ್ಲಿ ಇಂಥವು ಅನೇಕ. ಪ್ಲಗಿನ್ನಿಗೂ ಅಂಥ ಫಾಂಟಿಗೂ ರೂಪ ಬೇರೆಯಾದರೂ ಕಟ್ಟು ಒಂದೇ. ಅಂಥ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಬೇಕಾದುದು ಕುಳಿತು ತಿದ್ದುವ ತಾಳ್ಮೆ.

ಇನ್ನು ತರಗತಿಯ ವಿಚಾರ. ಫ್ಲ್ಯಾಶ್ ಹೋದುದರಿಂದ ವಿಜ್ಞಾನಪಾಠಗಳು ಬಡವಾದವೆಂಬ ಅಳಲು ಕೆಲವು ಶಿಕ್ಷಕರಲ್ಲಿದೆ. ಅದು ಪೂರ್ಣ ನಿಜವಲ್ಲ. ಭೌತಶಾಸ್ತ್ರದ ನೊಬೆಲ್ ಪುರಸ್ಕೃತ ಕಾರ್ಲ್ ವೈಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆಯ ಪ್ರಯೋಗಪಾಠಗಳು ಮೊದಲು ಜಾವಾ ಮತ್ತು ಫ್ಲ್ಯಾಶ್‌ಗಳಲ್ಲಿದ್ದವು. ಅವರು ಸುಮ್ಮನೆ ಕೂರದೆ ಅವುಗಳನ್ನು ಒಂದೊಂದಾಗಿ ಎಚ್‌.ಟಿ.ಎಂ.ಎಲ್. 5ಕ್ಕೆ ಪರಿವರ್ತಿಸುತ್ತ ಬಂದರು. ವಿದ್ಯುನ್ಮಂಡಲ, ಲೋಲಕ, ಬೆಳಕಿನ ವಕ್ರೀಭವನ ಮೊದಲಾದವನ್ನು ಬಾಲಕರು ಈಗ ಯಾವ ಜೋಡಣೆಯೂ ಇಲ್ಲದೆ ತಾವೇ ಅಲುಗಾಡಿಸಿ ನೋಡಬಹುದು. ಕನ್ನಡಕ್ಕೆ ಅನುವಾದವಾದ ಪಾಠಗಳೂ ಅಲ್ಲಿವೆ. ರೇಖಾಗಣಿತದ ಜಿಯೋಜಿಬ್ರಾ ಸಹ ಜಾವಾದ ಆಸರೆಯಿಂದ ಬ್ರೌಸರಿನೊಳಗೆ ನಡೆಯುತ್ತಿದ್ದುದು, ಈಗ ಸ್ವತಂತ್ರವಾಗಿ ನಡೆಯುತ್ತದೆ. ಕರ್ನಾಟಕದಲ್ಲಿಯೇ ಡಿ.ಎಸ್‌.ಇ.ಆರ್‌.ಟಿ. ಮತ್ತು ಐ.ಟಿ. ಫಾರ್ ಚೇಂಜ್ ಸಂಸ್ಥೆಗಳು ಸೇರಿ ನಡೆಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣದಲ್ಲಿ ಶಿಕ್ಷಕರು ಇಂಥ ಮುಕ್ತ ಸಾಧನಗಳಿಂದ ಕನ್ನಡ ಪಾಠಗಳನ್ನು ರಚಿಸಿದ್ದಾರೆ. ನಷ್ಟವಾದುದು ಮಾಡಿದವರು ಮರೆತುಹೋದ ಪಾಠಗಳು: ಒಬ್ಬ ಉಪಾಧ್ಯಾಯರು ತಮ್ಮ ತರಗತಿಗೆಂದು ತಿಂಗಳುಗಟ್ಟಲೆ ಕುಳಿತು ಮಾಡಿದ್ದು, ಚಿಕ್ಕ ಸಂಸ್ಥೆಯೊಂದು ಸಿ.ಡಿ. ಹಂಚಿ ಕಣ್ಮರೆಯಾದದ್ದು. ಅವುಗಳಿಗೆ ವಾರಸುದಾರರಿಲ್ಲ.

ಅವುಗಳನ್ನೂ ಉಳಿಸುವ ಉಪಾಯ ಇಲ್ಲದಿಲ್ಲ. ರಫಲ್ ಎಂಬ ಉಚಿತ ತಂತ್ರಾಂಶವೊಂದಿದೆ. ಅದು ಫ್ಲ್ಯಾಶ್ ಪ್ಲೇಯರ್ ಅಲ್ಲ. ಫ್ಲ್ಯಾಶ್ ಕಡತದ ಆಜ್ಞೆಗಳನ್ನು ಓದಿ, ಬ್ರೌಸರಿನ ಕಟ್ಟುಪಾಡಿನೊಳಗೇ ನಡೆಸಿ ತೋರಿಸುವ ದುಭಾಷಿ. 2020ರ ನವೆಂಬರಿನಲ್ಲಿ ಇಂಟರ್‌ನೆಟ್ ಆರ್ಕೈವ್ ಇದರ ನೆರವಿನಿಂದಲೇ ಹಳೆಯ ಫ್ಲ್ಯಾಶ್ ಆಟ-ಚಿತ್ರಗಳನ್ನು ಮತ್ತೆ ಜೀವಂತಗೊಳಿಸಿತು. ಎಲ್ಲ ಪಾಠಗಳೂ ಅದರಲ್ಲಿ ಸರಿಯಾಗಿ ನಡೆಯುವುದಿಲ್ಲ. ನಡೆಯುವಷ್ಟನ್ನು ತೆರೆಯ ಮೇಲೆ ಓಡಿಸಿ, ಶಿಕ್ಷಕರ ವಿವರಣೆಯೊಡನೆ ಸಾಮಾನ್ಯ ವಿಡಿಯೋ ಆಗಿ ಧ್ವನಿಮುದ್ರಿಸಿಟ್ಟರೆ ಮುಂದೆ ಯಾವ ದುಭಾಷಿಯೂ ಬೇಕಾಗದು.

ಮಾಡಬಾರದ ಕೆಲಸವೆಂದರೆ, ಒಂದೆರಡು ಪಾಠಗಳ ಆಸೆಯಿಂದ ಹಳೆಯ ಬ್ರೌಸರನ್ನೂ ಹಳೆಯ ಫ್ಲ್ಯಾಶನ್ನೂ ಎಲ್ಲಿಂದಲೋ ಹುಡುಕಿ ತಂದು, ಇಂಟರ್‌ನೆಟ್ ಸಂಪರ್ಕವಿರುವ ಯಂತ್ರದಲ್ಲಿ ಕೂಡಿಸುವುದು. ಅದೇ ಯಂತ್ರದಲ್ಲಿ ಶಾಲೆಯ ಲೆಕ್ಕಪತ್ರ, ವಿದ್ಯಾರ್ಥಿಗಳ ವಿವರ, ಬ್ಯಾಂಕಿನ ವ್ಯವಹಾರ ನಡೆಯುತ್ತಿದ್ದರೆ ಅದು ಹಿತ್ತಿಲ ಬಾಗಿಲಿನ ಅಗುಳಿಯನ್ನು ತೆಗೆದಿಟ್ಟು ಮಲಗಿದಂತೆ. ಅಡೋಬಿ ಇಂದು ಯಾರಿಗೂ ಸಾಮಾನ್ಯ ಬಳಕೆಗಾಗಿ ಹೊಸ ಫ್ಲ್ಯಾಶನ್ನು ಕೊಡುತ್ತಿಲ್ಲ. ಆದುದರಿಂದ ಫ್ಲ್ಯಾಶನ್ನು ನವೀಕರಿಸಿಕೊಳ್ಳಿ ಎಂದು ಕರೆಯುವ ಪ್ರತಿಯೊಂದು ಪುಟವನ್ನೂ ವಂಚನೆಯೆಂದೇ ತಿಳಿದು ಮುಚ್ಚತಕ್ಕುದು. ಇದೊಂದನ್ನು ಗಣಕಕೊಠಡಿಯ ಗೋಡೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆಸಿದರೆ ಅನುಚಿತವೇನಲ್ಲ.

ದಾನಿಗಳ ಗಮನಕ್ಕೆ ತರಬೇಕಾದ ಮಾತೊಂದಿದೆ. ಕಚೇರಿಯಲ್ಲಿ ನಿರುಪಯುಕ್ತವಾದ ಯಂತ್ರಗಳನ್ನು ಶಾಲೆಗೆ ಕೊಡುವುದು ಸದುದ್ದೇಶದ ಕಾರ್ಯವೇ ಸರಿ. ಆದರೆ ವಿಂಡೋಸ್ 7ರ ಪೋಷಣೆ 2020ರ ಜನವರಿಯಲ್ಲಿಯೂ, ವಿಂಡೋಸ್ 10ರದು 2025ರ ಅಕ್ಟೋಬರಿನಲ್ಲಿಯೂ ಮುಗಿದಿವೆ. ಅಂಥ ಯಂತ್ರದಲ್ಲಿ ಫ್ಲ್ಯಾಶ್ ಇನ್ನೂ ಅಡಗಿದ್ದರೆ ತೆಗೆದುಹಾಕಿಸಿ, ಉಬುಂಟುವಿನಂಥ ಮುಕ್ತ ವ್ಯವಸ್ಥೆಯನ್ನು ಹಾಕಿಸಿ ಕೊಟ್ಟರೆ ಕೊಡುಗೆ ಸಾರ್ಥಕವಾಗುತ್ತದೆ. ಯಂತ್ರ ತೀರ ದುರ್ಬಲವಲ್ಲದಿದ್ದರೆ ಹೊಸ ಬ್ರೌಸರ್ ಅದರಲ್ಲಿ ನಡೆಯುತ್ತದೆ, ವಿಡಿಯೋ ಪಾಠಗಳಿಗೆ ಅಷ್ಟು ಸಾಕು.

ಉಳಿದದ್ದು ಕಪಾಟಿನಲ್ಲಿರುವ ಸಿ.ಡಿ.ಗಳ ಪ್ರಶ್ನೆ. ಸಿ.ಡಿ.ಗಳೂ ಓಲೆಗಳಂತೆ ಕೆಡುತ್ತವೆ. ಕಲಬುರಗಿಯ ಬೇಸಗೆಯಲ್ಲಿ ತಗಡಿನ ಕಪಾಟಿನೊಳಗಿನ ಬಿಸಿ ಅವುಗಳಿಗೆ ಹಿತವಲ್ಲ. ಹೊಸ ಯಂತ್ರಗಳಲ್ಲಿ ಸಿ.ಡಿ. ಓದುವ ಕಿಂಡಿಯೂ ಅಪರೂಪವಾಗುತ್ತಿದೆ. ಆದುದರಿಂದ ಹಳೆಯ ಯಂತ್ರವನ್ನು ಹೊರಗೆ ಸಾಗಿಸುವ ಮೊದಲು, ಇಂಟರ್‌ನೆಟ್ ತಂತಿಯನ್ನು ಕಳಚಿ, ಆ ಸಿ.ಡಿ.ಗಳಲ್ಲಿರುವುದನ್ನೆಲ್ಲ ಹಾರ್ಡ್ ಡಿಸ್ಕ್ ಒಂದಕ್ಕೆ ಇಳಿಸಿ, ಯಾವ ಪಾಠ ಯಾರು ಮಾಡಿದ್ದು, ಯಾವ ವರ್ಷದ್ದು ಎಂಬ ಪಟ್ಟಿಯನ್ನು ಕಾಗದದ ಮೇಲೆ ಬರೆದು ಗ್ರಂಥಪಾಲಕರ ವಶಕ್ಕೆ ಕೊಡಬೇಕು. ಬೇಸಗೆಯ ರಜೆಯಲ್ಲಿ ಮೇಲಿನ ತರಗತಿಯ ನಾಲ್ವರು ವಿದ್ಯಾರ್ಥಿಗಳೂ ಒಬ್ಬ ಶಿಕ್ಷಕರೂ ಕುಳಿತರೆ ಒಂದು ವಾರದ ಕೆಲಸ.